ಒತ್ತಕ್ಷರ ಬಿಚ್ಚಿಕೊಂಡ ಕೀಬೋರ್ಡ್ ಮತ್ತು ಹಾಸನದ ಒಂದು ರಿಪೇರಿ ಅಂಗಡಿ

ಹಾಸನದ ಕಸ್ತೂರಬಾ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ ರೇಡಿಯೋ, ಮಿಕ್ಸಿ, ವೋಲ್ಟೇಜ್ ಸ್ಟೆಬಿಲೈಸರ್‌ಗಳನ್ನು ರಿಪೇರಿ ಮಾಡುವ ಹತ್ತಡಿ ಅಗಲದ ಅಂಗಡಿಯೊಂದಿದೆ. ಹಳೆಯ ಮೆಕ್ಯಾನಿಕಲ್ ಕೀಬೋರ್ಡ್‌ಗಳನ್ನೂ ಅಲ್ಲಿ ಸರಿಮಾಡಿಕೊಡುತ್ತಾರೆಂಬ ಸಂಗತಿಯನ್ನು ಬೋರ್ಡಿನಲ್ಲಿ ಬರೆದಿಲ್ಲ. ಕೋರ್ಟಿನ ಆಸುಪಾಸು ಬೆರಳಚ್ಚು ಮಾಡುವವರು, ಬ್ಯಾಂಕಿನ ಗುಮಾಸ್ತರು, ಇಂಜಿನಿಯರಿಂಗ್ ಕಾಲೇಜಿನ ಕೆಲವು ಹುಡುಗರು ಒಬ್ಬರಿಂದೊಬ್ಬರು ಕೇಳಿ ತಿಳಿದು ಅಲ್ಲಿಗೆ ಹೋಗುತ್ತಾರೆ. ಕಳೆದ ಜೂನ್‌ನಿಂದ ಈಚೆಗೆ ನಾನು ಅಲ್ಲಿ ಮೂರು ಕೀಬೋರ್ಡ್‌ಗಳನ್ನು ಕೊಟ್ಟಿದ್ದೇನೆ. ಒಂದು ಹೊಸದರಂತೆ ಆಗಿ ಬಂತು, ಇನ್ನೊಂದು ಕೆಲಸಕ್ಕೆ ಚೆನ್ನಾಗಿ, ನೋಟಕ್ಕೆ ಕೆಟ್ಟದಾಗಿ ಬಂತು, ಮೂರನೆಯದು ಇನ್ನೂ ಅಲ್ಲಿಯೇ ಇದೆ. ಅಂಗಡಿಯ ಹೆಸರನ್ನು ಬರೆಯಲೇ ಎಂದು ಯಜಮಾನರನ್ನು ಕೇಳಿದಾಗ ಅವರು, ‘ಬೇಡ ಸ್ವಾಮಿ, ಇರೋ ಕೆಲ್ಸಾನೇ ಮುಗೀತಿಲ್ಲ’ ಎಂದದ್ದರಿಂದ ಹೆಸರಿಲ್ಲದೆಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೆಟ್ಟ ಕೀಬೋರ್ಡ್ ಕೆಲಸ ಮಾಡುವಂತಾಗಬೇಕಾದರೆ ಈ ಅಂಗಡಿಗೆ ಕಣ್ಣುಮುಚ್ಚಿ ಹೋಗಬಹುದು, ಹಳೆಯದನ್ನು ಚೆಂದಗಾಣಿಸಬೇಕು ಎಂಬ ಆಸೆಯಿದ್ದರೆ ಹೋಗಬಾರದು.

ನಾನು ಕ್ರಯಪತ್ರ, ವಿಭಾಗಪತ್ರ, ಅರ್ಜಿ, ಆಗೊಮ್ಮೆ ಈಗೊಮ್ಮೆ ಯಾರದಾದರೂ ಪುಸ್ತಕ, ಹೀಗೆ ದಿನವಿಡೀ ಕನ್ನಡವನ್ನು ಬೆರಳಚ್ಚಿಸಿ ಬದುಕುವವನು. ಒಂಬತ್ತು ವರ್ಷ ಹಳೆಯದಾದ ನನ್ನ ಕೀಬೋರ್ಡ್ ಟಿವಿಎಸ್ ಗೋಲ್ಡ್. ಬ್ಯಾಂಕಿನ ಕೌಂಟರುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ಅಂಗಡಿಗಳ ಬಿಲ್ಲಿಂಗ್ ಮೇಜುಗಳ ಮೇಲೆ ಟಕಟಕ ಎನ್ನುವ ಕಪ್ಪು ಕೀಬೋರ್ಡನ್ನು ನೋಡದವರು ಕಡಿಮೆ, ಅದೇ ಇದು. ಅದನ್ನು ಯಾರೂ ‘ಮೆಕ್ಯಾನಿಕಲ್ ಕೀಬೋರ್ಡ್’ ಎಂಬ ಹೆಸರಿಟ್ಟು ಹೆಮ್ಮೆಯಿಂದ ಕೊಂಡದ್ದಲ್ಲ, ಬಾಳಿಕೆ ಬರುತ್ತದೆ ಎಂದು ಕೊಂಡದ್ದು. ನನ್ನದರೊಳಗೆ ಇರುವುದು ಚೆರ್ರಿ ಎಂಎಕ್ಸ್ ಬ್ಲೂ ಎಂಬ ಸ್ವಿಚ್. ಅಗ್ಗದ ಕೀಬೋರ್ಡ್‌ಗಳಲ್ಲಿ ಎಲ್ಲ ಕೀಗಳ ಕೆಳಗೂ ಒಂದೇ ರಬ್ಬರ್ ಹಾಳೆ ಹಾಸಿರುವುದರಿಂದ ಒಂದು ಕೀ ಸತ್ತರೆ ಇಡೀ ಕೀಬೋರ್ಡನ್ನೇ ಎಸೆಯಬೇಕಾಗುತ್ತದೆ. ಇದರಲ್ಲಿ ಹಾಗಲ್ಲ, 104 ಕೀಗಳಿಗೆ 104 ಬಿಡಿ ಸ್ವಿಚ್‌ಗಳಿದ್ದು, ಪ್ರತಿಯೊಂದನ್ನೂ ಎರಡು ಬೆಸುಗೆಯ ಬಿಂದುಗಳಲ್ಲಿ ಪಿಸಿಬಿ ಎಂಬ ಸರ್ಕ್ಯೂಟ್ ಹಲಗೆಗೆ ಹಿಡಿಸಿರುತ್ತಾರೆ. ಹೀಗಾಗಿ ಕೆಟ್ಟದ್ದನ್ನಷ್ಟೇ ಬಿಚ್ಚಿ ತೆಗೆಯಬಹುದು. ರಿಪೇರಿ ಎಂಬ ಮಾತಿಗೆ ಅರ್ಥ ಬರುವುದೇ ಈ ಕಾರಣಕ್ಕೆ.

ನನ್ನ ಕೀಬೋರ್ಡಿನಲ್ಲಿ ಕೆಟ್ಟದ್ದು ಎಫ್ ಕೀ. ಇಂಗ್ಲಿಷ್ ಬೆರಳಚ್ಚಿಸುವವರಿಗೆ ಎಫ್ ಹೋದರೆ ದೊಡ್ಡ ನಷ್ಟವೇನಲ್ಲ. ಆದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲೆಲ್ಲ ನೆಲೆಯೂರಿದ ಕೀಲಿಮಣೆಯಲ್ಲಿ ವ್ಯಂಜನದ ಸ್ವರವನ್ನು ತೆಗೆದು ಒತ್ತಕ್ಷರವನ್ನು ಕೂಡಿಸುವುದು ಎಫ್ ಕೀಯೇ. ‘ಅಮ್ಮ’ ಎಂದು ಬರೆಯಬೇಕಾದರೆ ಎ, ಎಂ, ಎಫ್, ಎಂ ಎಂದು ಒತ್ತಬೇಕು. ನಾನು ಬಳಸುವ ಯೂನಿಕೋಡ್ ವ್ಯವಸ್ಥೆಯಲ್ಲಿ ಎಫ್ ಅನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಒತ್ತು ಕೂಡುವುದಿಲ್ಲ, ಹಲಂತ, ಎಂದರೆ ಸ್ವರವಿಲ್ಲದ ವ್ಯಂಜನ, ಬಿಡಿಯಾಗಿ ನಿಲ್ಲುತ್ತದೆ; ‘ರಾಜ್‌ಕುಮಾರ್’ ಎಂದು ಬರೆಯುವಾಗ ಅದು ಬೇಕಾದ ಸೌಲಭ್ಯವೂ ಹೌದು. ನನ್ನ ಎಫ್ ಕೀ ಒಂದು ಸಲ ಒತ್ತಿದರೂ ಎರಡು ಸಲ ಬೀಳತೊಡಗಿದ ಮೇಲೆ ‘ಅಮ್ಮ’ ಹೋಗಿ ‘ಅಮ್‌ಮ’ ಆಯಿತು, ‘ಹಕ್ಕು’ ಹೋಗಿ ‘ಹಕ್‌ಕು’ ಆಯಿತು. ನಾಲ್ಕು ಪುಟದ ಕ್ರಯಪತ್ರವೊಂದರಲ್ಲಿ ಇಂಥವು ಮೂವತ್ತೆಂಟು ಸಿಕ್ಕಿದವು. ಅದರ ಜೊತೆಗೆ ಎಡಗಡೆಯ ಶಿಫ್ಟ್ ಕೀ ಕೆಳಗೆ ಹೋದದ್ದು ತಕ್ಷಣ ಮೇಲೇಳುತ್ತಿರಲಿಲ್ಲ. ಈ ಕೀಲಿಮಣೆಯಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ಣಕಾರ, ಳಕಾರಗಳಿಗೂ ಶಿಫ್ಟೇ ಬೇಕು. ಹೀಗಾಗಿ ‘ನಾನು’ ಎಂದು ಬರೆಯಹೊರಟರೆ ‘ನಾಣೂ’ ಎಂದು ಮೂಡುತ್ತಿತ್ತು. ಕಕ್ಷಿದಾರರೊಬ್ಬರು ಕರಡನ್ನು ಓದಿ, ‘ಇದು ಯಾವ ಸೀಮೆ ಕನ್ನಡ?’ ಎಂದು ಕೇಳಿದ ದಿನ ನಾನು ರಿಪೇರಿಗೆ ಹೊರಟೆ.

ಮೊದಲು ಹೋದದ್ದು ಬೇರೊಂದು ಕಂಪ್ಯೂಟರ್ ಅಂಗಡಿಗೆ. ಅಲ್ಲಿಯವರು ಕೀಬೋರ್ಡನ್ನು ಚೀಲದಿಂದ ಹೊರಗೆ ತೆಗೆಯುವುದಕ್ಕೂ ಬಿಡದೆ, ನಾನೂರು ರೂಪಾಯಿಗೆ ಹೊಸದು ಬರುತ್ತದೆ ಎಂದರು. ಓಣಿಯ ಅಂಗಡಿಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆಯೇ ಬೇರೆ: ‘ಏನು ಚೆಲ್ಲಿದ್ರಿ?’ ಏನೂ ಚೆಲ್ಲಿಲ್ಲ ಎಂದು ನಾನು ಹೇಳುತ್ತಿರುವಾಗಲೇ ಯಜಮಾನರು ತಂತಿಯ ಕೊಕ್ಕೆಯಿಂದ ಎಫ್ ಕೀಯ ಟೋಪಿಯನ್ನು ಎತ್ತಿ ತೆಗೆದು, ಸ್ವಿಚ್ಚಿನ ಸುತ್ತ ಗಟ್ಟಿಯಾಗಿ ಅಂಟಿಕೊಂಡಿದ್ದ ಕಂದು ಬಣ್ಣದ ಪಾಕವನ್ನು ತೋರಿಸಿದರು. ಒಂದು ಒಣಗಿದ ಇರುವೆಯೂ ಅಲ್ಲಿತ್ತು. ಎರಡು ವರ್ಷದ ಹಿಂದೆ ಅರ್ಧ ಲೋಟ ಕಾಫಿ ಮಗುಚಿದ್ದು ನನಗೆ ಆಗ ನೆನಪಾಯಿತು. ಅವರ ವಿವರಣೆಯಂತೆ ಬರಿಯ ನೀರು ಬಿದ್ದರೆ ಒಣಗಿ ಹೋಗುತ್ತದೆ, ಸಕ್ಕರೆ ಬಿದ್ದರೆ ಹೋಗುವುದಿಲ್ಲ. ಹಾಸನದಲ್ಲಿ ಕೀಬೋರ್ಡ್‌ಗಳನ್ನು ಕೊಲ್ಲುವುದು ಕಾಫಿಯಲ್ಲ, ಕಾಫಿಗೆ ಹಾಕಿದ ಸಕ್ಕರೆ.

ಈ ಮಾತನ್ನು ನಾನು ಮನೆಗೆ ಬಂದು ಲೆಕ್ಕ ಹಾಕಿಯೂ ನೋಡಿದೆ. ಈ ಬಗೆಯ ಸ್ವಿಚ್ಚಿಗೆ ತಯಾರಕರು ಹೇಳುವ ಆಯುಸ್ಸು 5 ಕೋಟಿ ಒತ್ತು. ದಿನಕ್ಕೆ 5,000 ಸಲದಂತೆ ವರ್ಷಕ್ಕೆ 300 ದಿನ ನಾನು ಎಫ್ ಒತ್ತಿದ್ದರೂ ಒಂಬತ್ತು ವರ್ಷಕ್ಕೆ 1 ಕೋಟಿ 35 ಲಕ್ಷವಾಗುತ್ತದೆ. ಮೂರನೆಯ ಒಂದು ಭಾಗಕ್ಕೂ ಕಡಿಮೆ. ಸ್ವಿಚ್ಚು ಸವೆದು ಸತ್ತಿರಲಿಲ್ಲ, ನಾನೇ ಪಾಕ ಸುರಿದು ಅದನ್ನು ಕೆಡಿಸಿದ್ದೆ.

ಅವರು ಕೆಲಸ ಮಾಡುವ ಕ್ರಮವನ್ನು ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬಲ್ಲೆ. ಮೊದಲು ಕೀಬೋರ್ಡನ್ನು ತಮ್ಮ ಹಳೆಯ ಕಂಪ್ಯೂಟರಿಗೆ ಚುಚ್ಚಿ, ನೋಟ್‌ಪ್ಯಾಡ್ ತೆರೆದು, 104 ಕೀಗಳನ್ನೂ ಒಂದೊಂದಾಗಿ ಎರಡು ರೀತಿಯಲ್ಲಿ ಒತ್ತಿ ನೋಡಿದರು: ಒಮ್ಮೆ ಫಟ್ಟನೆ, ಇನ್ನೊಮ್ಮೆ ಮೆಲ್ಲಗೆ. ಸ್ವಿಚ್ಚಿನೊಳಗೆ ಎರಡು ತೆಳುವಾದ ಲೋಹದ ಎಲೆಗಳಿದ್ದು, ಕೀ ಸುಮಾರು 2.2 ಮಿ.ಮೀ. ಕೆಳಗಿಳಿದಾಗ ಅವು ಒಂದಕ್ಕೊಂದು ತಾಗುತ್ತವೆ. ತಾಗುವ ಕ್ಷಣದಲ್ಲಿ ಯಾವ ಲೋಹವಾದರೂ ಸ್ವಲ್ಪ ಪುಟಿಯುತ್ತದೆ. ಆ ಪುಟಿತವನ್ನು ಲೆಕ್ಕಕ್ಕೆ ಹಿಡಿಯದೆ ಇರಲು ಕೀಬೋರ್ಡಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಕೆಲವು ಮಿಲಿಸೆಕೆಂಡು ಕಾಯುತ್ತದೆ. ಎಲೆಗಳ ನಡುವೆ ಕೊಳೆ ಸೇರಿದರೆ ಪುಟಿತ ಆ ಅವಧಿಯನ್ನೂ ಮೀರಿ ನಡೆಯುತ್ತದೆ, ಚಿಪ್ಪು ಅದನ್ನು ಎರಡನೆಯ ಒತ್ತು ಎಂದು ತಿಳಿಯುತ್ತದೆ. ಜೋರಾಗಿ ಒತ್ತಿದಾಗ ಸರಿಯಿರುವ ಕೀ ಮೆಲ್ಲಗೆ ಒತ್ತಿದಾಗ ತಪ್ಪುವುದು ಇದರ ಲಕ್ಷಣ. ಹೀಗೆ ಪರೀಕ್ಷಿಸಿದಾಗ ನನಗೆ ಗೊತ್ತಿಲ್ಲದೆ ಇದ್ದ ಇನ್ನೂ ಐದು ಕೀಗಳ ದೋಷ ಹೊರಬಿತ್ತು. ಎಲ್ಲವೂ ಎಫ್ ಸುತ್ತಲಿನವೇ. ಕಾಫಿ ಹರಿದ ದಾರಿಯ ನಕ್ಷೆಯನ್ನು ಅವುಗಳಿಂದಲೇ ಬರೆಯಬಹುದಿತ್ತು.

ಈ ಐದನ್ನೂ ಅವರು ಬಿಚ್ಚಲೇ ಇಲ್ಲ. ಸಿರಿಂಜಿನಿಂದ ಎರಡೆರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ನೂರಾರು ಸಲ ಒತ್ತಿ, ಕೀಬೋರ್ಡನ್ನು ಕವುಚಿ ಹಾಕಿ ಒಣಗಲು ಬಿಟ್ಟರು. ಎಲ್ಲೆಡೆ ಸಿಗುವ ತುಕ್ಕು ಬಿಡಿಸುವ ಸ್ಪ್ರೇಯನ್ನು ಯಾಕೆ ಹೊಡೆಯುವುದಿಲ್ಲ ಎಂದು ಕೇಳಿದ್ದಕ್ಕೆ, ಅದು ಎಣ್ಣೆಯನ್ನು ಉಳಿಸಿ ಹೋಗುತ್ತದೆ, ಎಣ್ಣೆ ದೂಳನ್ನು ಹಿಡಿಯುತ್ತದೆ, ಆರು ತಿಂಗಳಿಗೆ ನೀವು ಮತ್ತೆ ಇಲ್ಲಿಗೇ ಬರುತ್ತೀರಿ ಎಂದರು. ಬೇರೆಯವರು ಆ ಆರು ತಿಂಗಳ ಗಿರಾಕಿಯನ್ನೇ ಬಯಸುತ್ತಿದ್ದರೇನೋ.

ಎಫ್ ಮಾತ್ರ ಹನಿಗೆ ಬಗ್ಗಲಿಲ್ಲ. ಬ್ಲೂ ಸ್ವಿಚ್ಚಿನ ಒಳಗೆ ನೀಲಿ ಕಡ್ಡಿಯ ಮೇಲೆ ಬಿಳಿಯದೊಂದು ಸಣ್ಣ ಕವಚ ಸಡಿಲವಾಗಿ ಕೂತಿರುತ್ತದೆ. ಕೀ ಇಳಿಯುವಾಗ ಆ ಕವಚ ಚಕ್ಕನೆ ಕೆಳಕ್ಕೆ ಜಾರುವುದರಿಂದಲೇ ನಮಗೆ ‘ಟಕ್’ ಎಂಬ ಸದ್ದು ಕೇಳುವುದು. ಪಾಕ ಆ ಕವಚವನ್ನು ಕಡ್ಡಿಗೆ ಅಂಟಿಸಿಬಿಟ್ಟಿತ್ತು. ಹೊಸ ಸ್ವಿಚ್ ತರಿಸಬೇಕೇನೋ, ಹತ್ತು ದಿನ ಕಾಯಬೇಕೇನೋ ಎಂದು ನಾನು ಯೋಚಿಸುತ್ತಿರುವಾಗ ಅವರು ಕೇಳಿದರು: ‘ಸ್ವಾಮಿ, ಈ ಸ್ಕ್ರೋಲ್ ಲಾಕ್ ಅಂತ ಇದೆಯಲ್ಲ, ಇದನ್ನ ಯಾವತ್ತಾದ್ರೂ ಒತ್ತಿದ್ದೀರಾ?’ ಒಂಬತ್ತು ವರ್ಷದಲ್ಲಿ ಬೇಕೆಂದು ಒಮ್ಮೆಯೂ ಒತ್ತಿರಲಿಲ್ಲ. ಅದೇ ಕೀಬೋರ್ಡಿನಲ್ಲಿ, ಅದೇ ಕಂಪನಿಯ, ಅದೇ ವಯಸ್ಸಿನ, ಆದರೆ ಬಳಸದೆ ಇಟ್ಟ ಹೊಸ ಸ್ವಿಚ್ಚೊಂದು ಒಂಬತ್ತು ವರ್ಷದಿಂದ ಮೂಲೆಯಲ್ಲಿ ಕೂತು ಕಾಯುತ್ತಿತ್ತು.

ಮುಂದಿನ ಹತ್ತು ನಿಮಿಷದ ಕೆಲಸ ನೋಡುವಂಥದ್ದು. ಕೀಬೋರ್ಡಿನ ತಳವನ್ನು ಬಿಚ್ಚಿ, ಪಿಸಿಬಿಯನ್ನು ಬೋರಲು ಹಾಕಿ, ಎಫ್ ಸ್ವಿಚ್ಚಿನ ಎರಡು ಕಾಲುಗಳ ಮೇಲೆ ಮೊದಲು ಬೆಸುಗೆ ಸಲೀಸಾಗಿ ಹರಿಯಲು ನೆರವಾಗುವ ಫ್ಲಕ್ಸ್ ಹಚ್ಚಿದರು. ಆಮೇಲೆ, ತೆಗೆಯಬೇಕಾದ ಬೆಸುಗೆಯ ಮೇಲೆ ಇನ್ನಷ್ಟು ಹೊಸ ಬೆಸುಗೆಯನ್ನು ಸೇರಿಸಿದರು. ನನಗೆ ಇದು ತಲೆಕೆಳಗಾಗಿ ಕಂಡಿತು. ಆದರೆ ಹಳೆಯ ಬೆಸುಗೆ ಒಣಗಿದ ಜೇಡಿಯಂತೆ ಮೊಂಡಾಗಿರುತ್ತದೆ. ತವರ 63, ಸೀಸ 37ರ ಪಾಲಿನ ಹೊಸ ಬೆಸುಗೆ 183 ಡಿಗ್ರಿಗೇ ಕರಗಿ ಹರಿಯುವುದರಿಂದ ಹಳೆಯದನ್ನೂ ತನ್ನ ಜೊತೆಗೆ ಕರಗಿಸಿಕೊಳ್ಳುತ್ತದೆ. ಎರಡೂ ಸೇರಿ ಕನ್ನಡಿಯಂತೆ ಹೊಳೆದ ಕ್ಷಣದಲ್ಲಿ ಎಡಗೈಯಲ್ಲಿದ್ದ, ಬೆಸುಗೆ ಹೀರುವ ಪಂಪಿನ ಗುಂಡಿಯನ್ನು ಅದುಮಿದರು. ‘ಠಕ್’ ಎಂದು ಬೆಸುಗೆ ಒಳಸೇರಿತು. ಹಾಗೆಂದು ಸ್ವಿಚ್ಚನ್ನು ಕೂಡಲೇ ಎಳೆಯಲಿಲ್ಲ. ಚಿಮಟದ ತುದಿಯಿಂದ ಪ್ರತಿಯೊಂದು ಕಾಲನ್ನೂ ಅತ್ತಿತ್ತ ಅಲುಗಿಸಿ, ರಂಧ್ರದೊಳಗೆ ಅದು ಸ್ವತಂತ್ರವಾಗಿ ಆಡುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಮುಟ್ಟಿದರು. ಸ್ವಿಚ್ಚು ಹಣ್ಣಾದ ಹುಣಸೆಯ ಬೀಜದಂತೆ ಕೈಗೆ ಬಂತು. ಅಲುಗದೆ ಇರುವಾಗ ಎಳೆದರೆ ರಂಧ್ರದ ಸುತ್ತಲಿನ ತಾಮ್ರದ ಬಿಲ್ಲೆ ಕಿತ್ತು ಬರುತ್ತದೆ; ಕೀಬೋರ್ಡ್ ರಿಪೇರಿಯಲ್ಲಿ ನಿಜವಾದ ಹಾನಿ ಆಗುವುದೇ ಅಲ್ಲಿ. ಸ್ಕ್ರೋಲ್ ಲಾಕ್‌ನ ಸ್ವಿಚ್ಚು ಎಫ್‌ನ ಜಾಗಕ್ಕೆ ಬಂತು. ಎಫ್‌ನದನ್ನು ಬಿಚ್ಚಿ, ತೊಳೆದು, ಕವಚವನ್ನು ಬಿಡಿಸಿ ಸ್ಕ್ರೋಲ್ ಲಾಕ್‌ಗೆ ಹಾಕಿದರು. ಅದು ಈಗಲೂ ಸ್ವಲ್ಪ ಮಂಕಾಗಿಯೇ ಸದ್ದು ಮಾಡುತ್ತದೆ, ಮಾಡಲಿ.

ಶಿಫ್ಟ್ ಕೀಯದು ಬೇರೆಯ ಕಥೆ. ಅಗಲವಾದ ಕೀಗಳು ಒಂದು ತುದಿಯಲ್ಲಿ ಒತ್ತಿದರೆ ವಾಲದಿರಲೆಂದು ಅವುಗಳ ಕೆಳಗೆ ಬಾಗಿಸಿದ ತಂತಿಯೊಂದನ್ನು ಇಟ್ಟಿರುತ್ತಾರೆ, ಅದಕ್ಕೂ ಸ್ಟೆಬಿಲೈಸರ್ ಎಂದೇ ಹೆಸರು. ಯಜಮಾನರು ‘ಸ್ಟೆಬಿಲೈಸರ್ ಕೊಳೆಯಾಗಿದೆ, ಗ್ರೀಸ್ ಹಾಕಬೇಕು’ ಎಂದಾಗ ಅಂಗಡಿಯ ಹುಡುಗ ಅಟ್ಟದಿಂದ ಫ್ರಿಜ್ಜಿನ ಸ್ಟೆಬಿಲೈಸರನ್ನು ಇಳಿಸಲು ಏಣಿ ಹತ್ತಿದ್ದ. ತಂತಿಯನ್ನು ಒರೆಸಿ, ಸಿಲಿಕೋನ್ ಗ್ರೀಸನ್ನು ಎಳ್ಳುಕಾಳಿನಷ್ಟು ಹಚ್ಚಿದರು, ಅಷ್ಟೇ. ಸ್ವಿಚ್ಚುಗಳಿಗೂ ಗ್ರೀಸ್ ಹಚ್ಚಿದರೆ ನುಣುಪಾಗುತ್ತದೆ ಎಂದು ವಿಡಿಯೋಗಳಲ್ಲಿ ಹೇಳುತ್ತಾರಲ್ಲ ಎಂದು ಕೇಳಿದೆ. ಸದ್ದು ಮಾಡದ ಸ್ವಿಚ್ಚಿಗೆ ಅದು ಸರಿ, ಬ್ಲೂ ಸ್ವಿಚ್ಚಿನ ಕವಚಕ್ಕೆ ಗ್ರೀಸ್ ತಾಗಿದರೆ ‘ಟಕ್’ ಸತ್ತುಹೋಗುತ್ತದೆ, ಹಾಗಿದ್ದ ಮೇಲೆ ಬ್ಲೂ ಯಾಕೆ ಬೇಕು ಎಂಬುದು ಅವರ ಉತ್ತರ. ಒಟ್ಟು 650 ರೂಪಾಯಿ ತೆಗೆದುಕೊಂಡರು. ಇದೇ ಕೀಬೋರ್ಡ್ ಹೊಸದು ಬೇಕೆಂದರೆ ಮೂರು ಸಾವಿರದ ಆಸುಪಾಸು ಆಗುತ್ತದೆ. ಆರು ತಿಂಗಳು ಕಳೆದಿವೆ. ಒಂದು ಒತ್ತಕ್ಷರವೂ ಬಿಚ್ಚಿಕೊಂಡಿಲ್ಲ.

ಈ ಯಶಸ್ಸಿನಿಂದ ತಲೆತಿರುಗಿ ನಾನು ಎರಡನೆಯ ಕೀಬೋರ್ಡನ್ನು ಗುಜರಿಯಿಂದ ಕೊಂಡೆ ಎಂದು ಒಪ್ಪಿಕೊಳ್ಳಬೇಕು. ಸಕಲೇಶಪುರದ ಕಡೆಯ ಯಾವುದೋ ಎಸ್ಟೇಟಿನ ಕಚೇರಿಯಿಂದ ಬಂದ ಸಾಮಾನಿನ ರಾಶಿಯಲ್ಲಿ ಬಿದ್ದಿತ್ತು, 200 ರೂಪಾಯಿ. ಬೂದು ಬಣ್ಣದ್ದು ವಯಸ್ಸಾಗಿ ಹಳದಿ ತಿರುಗಿತ್ತು, ಕೀಗಳ ಸಂದಿಯಲ್ಲಿ ಬೂಷ್ಟು ಹಿಡಿದಿತ್ತು, ತಳದ ಸ್ಕ್ರೂಗಳು ತುಕ್ಕಿಗೆ ಕಚ್ಚಿಕೊಂಡಿದ್ದವು, ವಯರನ್ನು ಇಲಿ ಅರ್ಧಕ್ಕೆ ಕಡಿದಿತ್ತು. ಮಲೆನಾಡಿನ ಮಳೆಗಾಲ ಐದಾರು ತಿಂಗಳು ಒಳಗೆ ನುಗ್ಗಿದ ವಸ್ತು ಹೇಗಿರಬೇಕೋ ಹಾಗೇ ಇತ್ತು. ಆದರೂ ಒಂದು ಟೋಪಿ ತೆಗೆದು ನೋಡಿದಾಗ ಸ್ವಿಚ್ಚಿನ ತಲೆಯ ಮೇಲೆ ಚೆರ್ರಿ ಎಂಬ ಗುರುತು ಕಂಡಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣವನ್ನು ಮಾತ್ರ ನಂಬಬಾರದು: ನೀಲಿ ಕಡ್ಡಿ ಎಂದರೆ ಸದ್ದು ಮಾಡುವುದು, ಕಂದು ಎಂದರೆ ಸದ್ದಿಲ್ಲದೆ ಬೆರಳಿಗೆ ಮಾತ್ರ ತಟ್ಟುವುದು, ಕೆಂಪು ಎಂದರೆ ನೇರವಾಗಿ ಇಳಿಯುವುದು ಎಂಬ ಲೆಕ್ಕವನ್ನು ಚೀನಾದ ಗೇಟರಾನ್, ಕೈಲ್, ಔಟೆಮು ಮುಂತಾದವರೂ ಅನುಸರಿಸುತ್ತಾರೆ. ಅವೂ ಕೆಟ್ಟವೇನಲ್ಲ, ಆದರೆ ನಾವು ಕೊಟ್ಟ ಬೆಲೆ ಯಾವುದಕ್ಕೆ ಎಂಬುದು ಗೊತ್ತಿರಬೇಕು.

ಒಳಗೆ ನೋಡಿದಾಗ ಸ್ವಿಚ್ಚುಗಳ ಸ್ಥಿತಿ ಹೊರಗಿನಷ್ಟು ಕೆಟ್ಟಿರಲಿಲ್ಲ, ಏಕೆಂದರೆ ತಾಗುವ ಬಿಂದುಗಳಲ್ಲಿ ಚಿನ್ನದ ಲೇಪವಿರುವುದರಿಂದ ಅಲ್ಲಿ ತುಕ್ಕು ಕೂರುವುದಿಲ್ಲ. ಪಿಸಿಬಿಯ ಒಂದು ಮೂಲೆಯಲ್ಲಿ ಮಾತ್ರ ತಾಮ್ರಕ್ಕೆ ಹಸಿರು ಕಿಲುಬು ಹತ್ತಿ, ಒಂದು ಗೆರೆ ತುಂಡಾಗಿತ್ತು. ಕೀಬೋರ್ಡಿನ ಒಳಗೆ ಪ್ರತಿಯೊಂದು ಕೀಗೂ ಬೇರೆ ತಂತಿ ಇರುವುದಿಲ್ಲ. ಗಣಿತದ ಪುಸ್ತಕದ ಚೌಕುಳಿಯಂತೆ ಅಡ್ಡಸಾಲು ಮತ್ತು ಕಂಬಸಾಲುಗಳಿದ್ದು, ಯಾವ ಸಾಲು ಯಾವ ಸಾಲಿಗೆ ಕೂಡಿತು ಎಂಬುದರಿಂದ ಚಿಪ್ಪು ಕೀಯನ್ನು ಗುರುತಿಸುತ್ತದೆ. ಆದ್ದರಿಂದ ಒಂದು ಗೆರೆ ಹೋದರೆ ಒಂದು ಕೀ ಹೋಗುವುದಿಲ್ಲ, ಒಂದು ಸಾಲಿನ ಕೀಗಳು ಒಟ್ಟಿಗೆ ಹೋಗುತ್ತವೆ. ಮಲ್ಟಿಮೀಟರಿನ ‘ಪೀಂ’ ಸದ್ದನ್ನು ಹಿಡಿದು ತುಂಡಾದ ಜಾಗವನ್ನು ಕಂಡುಕೊಂಡು, ಕೂದಲಿನಷ್ಟು ತೆಳುವಾದ ತಂತಿಯನ್ನು ಅಡ್ಡ ಹಾಕಿ ಬೆಸೆದರು. ಒದ್ದೆಯನ್ನು ಒಣಗಿಸಿದ ಬಗೆಯೂ ಚೆನ್ನಾಗಿತ್ತು. ಜುಲೈ ತಿಂಗಳ ಹಾಸನದಲ್ಲಿ ಬಿಸಿಲನ್ನು ನೆಚ್ಚುವಂತಿಲ್ಲವಾದ್ದರಿಂದ, ಕೋಳಿಮರಿಗೆ ಬೆಚ್ಚಗೆ ಇಡುವಂತೆ ರಟ್ಟಿನ ಪೆಟ್ಟಿಗೆಯಲ್ಲಿ 40 ವ್ಯಾಟಿನ ಹಳೆಯ ಬಲ್ಬು ಉರಿಸಿ, ಪಿಸಿಬಿಯನ್ನು ಎರಡು ದಿನ ಅದರೊಳಗೆ ಇಟ್ಟಿದ್ದರು. ಟೋಪಿಗಳನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ನೆನೆಹಾಕಿದ್ದರು. ನೀರು ಕುದಿಯುತ್ತಿದ್ದರೆ ಪ್ಲಾಸ್ಟಿಕ್ ಸೊಟ್ಟಗಾಗಿ, ಮತ್ತೆ ಕಡ್ಡಿಯ ಮೇಲೆ ಕೂರುವುದಿಲ್ಲ.

ಈ ಕೀಬೋರ್ಡಿನದು ಹಳೆಯ ಪಿಎಸ್/2 ಎಂಬ ನೇರಳೆ ಬಣ್ಣದ ದುಂಡು ಪಿನ್. ಅದನ್ನು ಯುಎಸ್‌ಬಿಗೆ ಚುಚ್ಚಲೆಂದು ಆನ್‌ಲೈನಿನಲ್ಲಿ 60 ರೂಪಾಯಿಗೆ ಸಿಗುವ ಸಣ್ಣ ಅಡಾಪ್ಟರನ್ನು ನಾನು ತಂದುಕೊಟ್ಟಿದ್ದೆ. ಅದನ್ನು ಅವರು ಹಾಗೆಯೇ ಹಿಂದಕ್ಕೆ ಕೊಟ್ಟರು. ಆ ಅಡಾಪ್ಟರಿನಲ್ಲಿ ತಂತಿಗೆ ತಂತಿ ಕೂಡಿಸಿರುತ್ತಾರೆಯೇ ಹೊರತು ಒಂದು ಭಾಷೆಯನ್ನು ಇನ್ನೊಂದಕ್ಕೆ ತಿಳಿಸುವ ಚಿಪ್ಪು ಇರುವುದಿಲ್ಲ. ಎರಡೂ ಭಾಷೆ ಬಲ್ಲ ಕೀಬೋರ್ಡ್‌ಗೆ ಮಾತ್ರ ಅದು ನಡೆಯುತ್ತದೆ. ನನ್ನದಕ್ಕೆ ಚಿಪ್ಪಿರುವ ಪರಿವರ್ತಕವೇ ಬೇಕಾಯಿತು, ಅದಕ್ಕೆ 400 ರೂಪಾಯಿ. ಕೂಲಿ 900. ಹೀಗೆ 200 ರೂಪಾಯಿಯ ಗುಜರಿ 1,500 ರೂಪಾಯಿಗೆ ಬಂದು ನಿಂತಿತು. ಮನೆಯಲ್ಲಿ ಈ ಅಂಕಿಯನ್ನು ನಾನು ಇನ್ನೂ ಹೇಳಿಲ್ಲ.

ಎಡವಿದ್ದು ಬಣ್ಣದಲ್ಲಿ. ಬಿಸಿಲಿಗೂ ವಯಸ್ಸಿಗೂ ಹಳದಿಯಾದ ಎಬಿಎಸ್ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿನಲ್ಲಿಟ್ಟು ಬೆಳ್ಳಗಾಗಿಸುವ ವಿಧಾನವೊಂದಿದೆ. ನಾನೇ ಒತ್ತಾಯ ಮಾಡಿ, ಬ್ಯೂಟಿ ಪಾರ್ಲರ್‌ಗಳಿಗೆ ಸಾಮಾನು ಮಾರುವಲ್ಲಿಂದ 12 ಪ್ರತಿಶತದ ಕ್ರೀಮ್ ತಂದುಕೊಟ್ಟೆ. ಅವರು ಹೊರಕವಚಕ್ಕೂ ಸ್ಪೇಸ್‌ಬಾರಿಗೂ ಅದನ್ನು ಬಳಿದು, ಮೇಲೆ ತೆಳುವಾದ ಪ್ಲಾಸ್ಟಿಕ್ ಸುತ್ತಿ ಮಾಳಿಗೆಯ ಮೇಲಿಟ್ಟರು. ಕ್ರೀಮನ್ನು ಗಂಟೆಗೊಮ್ಮೆ ಸಮನಾಗಿ ಹರಡುತ್ತಾ ಇರಬೇಕು, ಒಣಗಲು ಬಿಡಬಾರದು. ಅಂದು ಅಂಗಡಿಗೆ ಯಾರದೋ ನೀರೆತ್ತುವ ಮೋಟಾರಿನ ಸ್ಟಾರ್ಟರ್ ಬಂತು, ಮಾಳಿಗೆ ಮರೆತುಹೋಯಿತು. ಸಂಜೆ ಇಳಿಸಿದಾಗ ಕವಚದ ಮೇಲೆ ಬಿಳಿ ಮೋಡದಂಥ ಪಟ್ಟೆಗಳು ಬಿದ್ದಿದ್ದವು. ಸ್ಪೇಸ್‌ಬಾರ್ ಒಂದು ಕಡೆ ಹಾಲಿನ ಬಣ್ಣ, ಇನ್ನೊಂದು ಕಡೆ ತುಪ್ಪದ ಬಣ್ಣ. ಅದಕ್ಕೆ ಅವರು ದುಡ್ಡು ಕೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ‘ಇದು ನಮ್ಮ ಕಸುಬಲ್ಲ ಅಂತ ಮೊದ್ಲೇ ಹೇಳಿದ್ದೆ’ ಎಂದರು. ಹೇಳಿದ್ದು ನಿಜ. ಆದರೂ ತಮಗೆ ಬಾರದ ಕೆಲಸವನ್ನು ಗಿರಾಕಿ ಎಷ್ಟೇ ಪೀಡಿಸಿದರೂ ಒಪ್ಪಿಕೊಳ್ಳಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಕ್ಷರ ಅಳಿಸಿದ ಟೋಪಿಗಳಿಗೆ, ಕಳೆದುಹೋದ ಟೋಪಿಗಳಿಗೆ ಕೂಡ ಅಲ್ಲಿ ಪರಿಹಾರವಿಲ್ಲ. ಅವನ್ನು ನಾವೇ ತರಿಸಿಕೊಳ್ಳಬೇಕು.

ಇನ್ನೊಂದು ದೂರು ಸಮಯದ್ದು. ಮೊದಲ ಕೀಬೋರ್ಡಿನ ಮುಖ್ಯ ಕೆಲಸ ಕಣ್ಣೆದುರಿಗೇ ಮುಗಿಯಿತಾದರೂ ಒಣಗಿಸಿ ಮತ್ತೆ ಪರೀಕ್ಷಿಸಿ ಕೊಡುವುದಕ್ಕೆ ‘ನಾಳೆ’ ಎಂದವರು ನಾಲ್ಕನೆಯ ದಿನ ಕೊಟ್ಟರು. ಎರಡನೆಯದಕ್ಕೆ ‘ಮುಂದಿನ ವಾರ’ ಎಂದದ್ದು ಐದು ವಾರವಾಯಿತು. ಅಂಗಡಿಯಲ್ಲಿ ಚೀಟಿ ಕೊಡುವ ಪದ್ಧತಿಯಿಲ್ಲ; ವಸ್ತುವಿನ ಮೇಲೆ ಅಂಟುಪಟ್ಟಿ ಹಚ್ಚಿ ಊರಿನ ಹೆಸರನ್ನೋ ಕೆಲಸವನ್ನೋ ಬರೆದಿಡುತ್ತಾರೆ. ನನ್ನದರ ಮೇಲೆ ‘ಕೋರ್ಟು’ ಎಂದು ಬರೆದಿದ್ದರು, ಅದೇ ಹೆಸರಿನ ಇನ್ನೊಂದು ಮಿಕ್ಸಿಯೂ ಅಲ್ಲಿತ್ತು. ತಳದ ಒಂದು ಸ್ಕ್ರೂ ಕಳೆದು, ಅದರ ಬದಲಿಗೆ ರೇಡಿಯೋದ ಸ್ಕ್ರೂ ಹಾಕಿ ಕೊಟ್ಟದ್ದನ್ನು ನಾನು ಮನೆಗೆ ಬಂದ ಮೇಲೆ ಗಮನಿಸಿದೆ. ಹಿಡಿದಿದೆ, ಆದರೆ ತಲೆ ಹೊರಗೆ ಉಳಿದು ಮೇಜಿಗೆ ಗೀರು ಹಾಕುತ್ತದೆ. ಗ್ಯಾರಂಟಿಯ ಮಾತೂ ಬಾಯಿಮಾತೇ. ದೂರದಿಂದ ಬರುವವರು ಫೋನಿನಲ್ಲಿ ಎರಡು ಸಲ ಖಚಿತಪಡಿಸಿಕೊಂಡೇ ಹೊರಡುವುದು ಲೇಸು. ಅದರಲ್ಲೂ ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹೋಗಲೇಬಾರದು. ವರ್ಷಕ್ಕೊಮ್ಮೆಯ ದರ್ಶನಕ್ಕೆ ಬಂದ ಜನದ ಸಾಲಿನಲ್ಲಿ ಓಣಿಯ ಬಾಯಿಗೆ ತಲುಪಲಾಗದೆ ನಾನು ಕೀಬೋರ್ಡನ್ನು ಬಗಲಲ್ಲಿಟ್ಟುಕೊಂಡು ಹಿಂದಿರುಗಿದ್ದೇನೆ.

ಇಷ್ಟೆಲ್ಲ ಇದ್ದೂ ಬೆಂಗಳೂರಿಗೆ ಕಳಿಸುವುದಕ್ಕಿಂತ ಇದು ಮೇಲು ಎಂದು ನಾನು ಹೇಳುವುದು ದುಡ್ಡಿನ ಲೆಕ್ಕದಿಂದಲ್ಲ. 180 ಕಿ.ಮೀ. ದೂರದ ಎಸ್.ಪಿ. ರಸ್ತೆಯಲ್ಲಿ ಎಲ್ಲ ಸಾಮಾನೂ ಸಿಗುತ್ತದೆ, ಕುಶಲಿಗಳೂ ಇದ್ದಾರೆ. ಆದರೆ ನನ್ನ ದೋಷ ಕನ್ನಡದ ದೋಷ. ಕೀಬೋರ್ಡನ್ನು ಹಿಂದಕ್ಕೆ ಪಡೆಯುವ ದಿನ ನಾನು ಅವರ ಕಂಪ್ಯೂಟರಿನಲ್ಲಿ ಕನ್ನಡವನ್ನು ಆನ್ ಮಾಡಿ, ‘ಅಕ್ಕ, ಅಮ್ಮ, ಹಕ್ಕು, ವಿಸ್ತೀರ್ಣ, ಚಕ್ಕುಬಂದಿ’ ಎಂದು ಬೆರಳಚ್ಚಿಸಿ ತೋರಿಸಿದೆ. ಅವರು ಅದನ್ನು ಗಮನವಿಟ್ಟು ನೋಡಿ, ಎಫ್ ಕೀಯನ್ನು ಅರ್ಧಕ್ಕೆ ಹಿಡಿದು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಸ್ವಿಚ್ಚಿನ ಪಕ್ಕಕ್ಕೆ ಮೆತ್ತಗೆ ತಟ್ಟಿ, ಮತ್ತೊಮ್ಮೆ ‘ಅಮ್ಮ’ ಬರೆಯಿರಿ ಎಂದರು. ಸಡಿಲವಾದ ಬೆಸುಗೆ ಇದ್ದರೆ ತಟ್ಟಿದಾಗ ಗೊತ್ತಾಗುತ್ತದೆ. ಅಂದಿನಿಂದ ಕೋರ್ಟಿನ ಕಡೆಯಿಂದ ಬರುವ ಎಲ್ಲ ಕೀಬೋರ್ಡ್‌ಗಳ ಎಫ್ ಕೀಯನ್ನೂ ಅವರು ‘ಅಮ್ಮ ಪರೀಕ್ಷೆ’ಗೆ ಒಡ್ಡುತ್ತಾರಂತೆ.

ಮೂರನೆಯದು ಚಿಕ್ಕಮಗಳೂರಿನಲ್ಲಿ ಓದುತ್ತಿರುವ ನನ್ನ ಸೋದರಳಿಯನದು, ದೀಪ ಉರಿಯುವ ಗೇಮಿಂಗ್ ಕೀಬೋರ್ಡ್. ಅದರಲ್ಲಿ ಸ್ವಿಚ್ಚುಗಳನ್ನು ಲೋಹದ ತಗಡಿನ ಮೂಲಕ ಕೂರಿಸಿರುವುದರಿಂದ ಬೆಸುಗೆ ಬಿಡಿಸದೆ ಒಂದನ್ನೂ ತೆರೆಯಲು ಬರುವುದಿಲ್ಲ. ಮೊದಲು ಕೈಹಾಕಿದ ಬೇರೆ ಯಾರೋ ಅಲುಗಿಸಿ ನೋಡದೆ ಎಳೆದು, ನಾಲ್ಕು ಕಡೆ ತಾಮ್ರದ ಬಿಲ್ಲೆಯನ್ನು ಕಿತ್ತಿದ್ದಾರೆ. ಯಜಮಾನರು ಅದನ್ನು ಭೂತಗನ್ನಡಿಯ ಕೆಳಗೆ ನೋಡಿ, ಬಹಳ ಹೊತ್ತು ಮಾತಾಡದೆ, ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಮುಂಗಡ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅಂಟುಪಟ್ಟಿಯ ಮೇಲೆ ‘ಅಳಿಯ’ ಎಂದು ಬರೆದು, ಮಂಗಳವಾರ ಬನ್ನಿ ಎಂದಿದ್ದಾರೆ. ನಾನು ಶುಕ್ರವಾರ ಹೋಗುತ್ತೇನೆ.